ಕೆಸರಿನ ಬೈಕಿಗೆ ನಂಬರ್ ಪ್ಲೇಟು: ಕಾಗದ ಮೊದಲು, ಸ್ಪ್ಯಾನರ್ ಆಮೇಲೆ

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನನ್ನ ಗ್ಯಾರೇಜಿಗೆ ಬರುವ ಹುಡುಗರ ಪ್ರಶ್ನೆಯೇ ಬದಲಾಗುತ್ತದೆ. ಮಳೆಗಾಲದಲ್ಲಿ ತುಕ್ಕು ಹಿಡಿದ ಚೈನು, ಸವೆದ ಬ್ರೇಕ್ ಪ್ಯಾಡು, ಏರ್ ಫಿಲ್ಟರಿಗೆ ಇಳಿದ ನೀರು, ಇಷ್ಟೇ ಮಾತು. ಬಿಸಿಲು ಬಂತೆಂದರೆ ಮೊಬೈಲನ್ನು ನನ್ನ ಮುಖಕ್ಕೇ ಹಿಡಿಯುತ್ತಾರೆ. ‘ಅಣ್ಣಾ, ಬೆಂಗ್ಳೂರಲ್ಲಿ ಒಂದು ಕೆಎಲ್‌ಎಕ್ಸ್ 140 ಸೆಕೆಂಡ್ಸಿಗೆ ಸಿಗ್ತದೆ. ಲೈಟು, ಹಾರ್ನು, ಇಂಡಿಕೇಟರ್ ಹಾಕ್ಕೊಟ್ರೆ ಆರ್‌ಟಿಒದಲ್ಲಿ ನಂಬರ್ ಮಾಡ್ಸಬಹುದಲ್ದ?’

ಆಗುವುದಿಲ್ಲ ಮಾರಾಯ. ಕವಾಸಕಿಯ ಆ ಬೈಕು ಡರ್ಟ್ ಬೈಕು, ಅಂದರೆ ರಸ್ತೆಗಲ್ಲ, ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲೆಂದೇ ಮಾಡಿದ್ದು. ಇದನ್ನು ತೀರ್ಥಹಳ್ಳಿ–ಆಗುಂಬೆ ರಸ್ತೆಯ ಪಕ್ಕ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದೇ ಇಡುತ್ತಿದ್ದೇನೆ. ಆಗುವುದಿಲ್ಲ ಎನ್ನುವುದು ಅರ್ಧ ಉತ್ತರ ಮಾತ್ರ. ಕಾಡುದಾರಿಯಲ್ಲೂ ಓಡಿ, ಶಿವಮೊಗ್ಗದ ಸಿಗ್ನಲ್ಲಿನಲ್ಲಿ ಪೊಲೀಸರ ಪಕ್ಕವೂ ಧೈರ್ಯವಾಗಿ ನಿಲ್ಲುವ ಬೈಕು ಬೇಕಿದ್ದರೆ ದಾರಿ ಇದೆ. ಆ ದಾರಿ ಉಲ್ಟಾ ದಿಕ್ಕಿನಿಂದ ಬರುತ್ತದೆ ಅಷ್ಟೆ.

ಯೂಟ್ಯೂಬಿನಲ್ಲಿ ತೋರಿಸುವುದು ಬೇರೆ ದೇಶದ ಕತೆ

ಹುಡುಗರು ನೋಡುವ ವಿಡಿಯೊಗಳೆಲ್ಲ ಅಮೆರಿಕದವು. ಅಲ್ಲಿ ಅರಿಝೋನಾದಂಥ ಕೆಲವು ರಾಜ್ಯಗಳಲ್ಲಿ ಡರ್ಟ್ ಬೈಕಿಗೆ ಹೆಡ್‌ಲೈಟು, ಬ್ರೇಕ್ ಲೈಟು, ಕನ್ನಡಿ, ಹಾರ್ನು, ರಸ್ತೆಯ ಟೈರು ಹಾಕಿ ತಪಾಸಣೆ ಮಾಡಿಸಿದರೆ ರಸ್ತೆಗೆ ಒಪ್ಪಿಗೆ ಸಿಗುತ್ತದೆ. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ, ಹೊಗೆಯ ಲೆಕ್ಕದಲ್ಲಿ ರಸ್ತೆಗೆಂದು ತಯಾರಾಗದ ಬೈಕಿಗೆ ಏನೇ ಲೈಟು ಹಾಕಿದರೂ ಬಾಗಿಲು ಮುಚ್ಚಿದೆ. ನಮ್ಮ ದೇಶದ್ದು ಈ ಎರಡನೆಯ ಜಾತಿ, ಇನ್ನೂ ಸ್ವಲ್ಪ ಬಿಗಿ.

ಇಲ್ಲಿ ಆರ್‌ಟಿಒ ಇನ್‌ಸ್ಪೆಕ್ಟರ್ ನಿಮ್ಮ ಬೈಕಿಗೆ ಲೈಟು ಉರಿಯುತ್ತದಾ ಎಂದು ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಮುಗಿದಿರಬೇಕು. ಈ ಮಾಡೆಲ್ಲಿಗೆ ಟೈಪ್ ಅಪ್ರೂವಲ್ ಆಗಿದೆಯಾ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 126ನೇ ನಿಯಮದ ಪ್ರಕಾರ ತಯಾರಕರಾಗಲಿ, ಆಮದು ಮಾಡುವವರಾಗಲಿ ಒಂದು ಮಾದರಿ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಹೊಗೆ, ಸದ್ದು, ಬ್ರೇಕು, ಲೈಟು ಎಲ್ಲ ಪಾಸಾದ ಮೇಲೆ ಆ ಮಾಡೆಲ್ಲಿನ ಪ್ರತಿ ಬೈಕಿಗೂ ಕಂಪೆನಿ ಫಾರಂ 22 ಕೊಡುತ್ತದೆ. ಬೈಕಿನ ಜಾತಕ ಅಂದರೆ ಅದೇ. ಡೀಲರ್ ಕೊಡುವ ಫಾರಂ 21, ನಾವು ಸಹಿ ಹಾಕುವ ಫಾರಂ 20, ಇನ್ಶೂರೆನ್ಸು, ವಿಳಾಸದ ದಾಖಲೆ ಎಲ್ಲ ಸೇರಿ ನೋಂದಣಿ. ಈಗ ಎಲ್ಲವೂ ವಾಹನ್ ಸಾಫ್ಟ್‌ವೇರಿನಲ್ಲಿ. ಅಪ್ರೂವಲ್ ಆಗದ ಮಾಡೆಲ್ಲು ಆ ಪಟ್ಟಿಯಲ್ಲೇ ಇರುವುದಿಲ್ಲ. ಆಫೀಸಿನ ಕೌಂಟರಿನಲ್ಲಿ ಎಷ್ಟೇ ಪರಿಚಯ ಇರಲಿ, ಕಂಪ್ಯೂಟರಿನಲ್ಲಿ ಇಲ್ಲದ ಬೈಕಿಗೆ ಕೆಎ-14 ನಂಬರ್ ಹುಟ್ಟುವುದಿಲ್ಲ. ಸಾಗರದ ಕೆಎ-15 ಕೂಡ ಅದೇ ಕಂಪ್ಯೂಟರೇ, ಅಲ್ಲಿ ಆಗ್ತದಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಎಲ್‌ಎಕ್ಸ್ 140, ಕೆಎಕ್ಸ್ 250, ಕೆಎಕ್ಸ್ 450, ಸುಜುಕಿಯ ಆರ್‌ಎಂ-ಝಡ್ 250, 450 ಇವೆಲ್ಲ ನಮ್ಮಲ್ಲಿ ಟ್ರ್ಯಾಕಿಗೆಂದೇ ಮಾರಾಟವಾದವು. ನಾನೊಬ್ಬನೇ ಆಸೆಪಟ್ಟು ಪುಣೆಗೆ ಒಯ್ದು ನನ್ನೊಂದು ಬೈಕಿಗೆ ಟೆಸ್ಟ್ ಮಾಡಿಸುತ್ತೇನೆ ಎಂದರೆ ಅದು ಒಬ್ಬ ಸವಾರನ ಜೇಬಿನ ಕೆಲಸ ಅಲ್ಲವೇ ಅಲ್ಲ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಒಂದನ್ನೇ ತಗೊಳ್ಳಿ. 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ, 2020ರ ಏಪ್ರಿಲಿನಿಂದ ಬಿಎಸ್-6 ಎಂಬ ಹೊಗೆಯ ಮಿತಿ. ಕಾರ್ಬೊರೇಟರ್ ಇರುವ, ಎಬಿಎಸ್ ಇಲ್ಲದ ಮೋಟೊಕ್ರಾಸ್ ಬೈಕಿಗೆ ಇವೆರಡನ್ನೂ ಗ್ಯಾರೇಜಿನಲ್ಲಿ ಕೂರಿಸಿ ಪಾಸು ಮಾಡಿಸುವ ಮೆಕ್ಯಾನಿಕ್ ಇದ್ದರೆ ಅವನು ಆಗುಂಬೆ ರಸ್ತೆಯಲ್ಲಿ ಪಂಕ್ಚರ್ ಹಾಕುತ್ತಾ ಕೂತಿರುತ್ತಿರಲಿಲ್ಲ.

ಮಾರುವವರು ‘ಬಿಲ್ ಇದೆ, ಕಸ್ಟಮ್ಸ್ ಪೇಪರ್ ಇದೆ’ ಎನ್ನುತ್ತಾರೆ. ಇರಬಹುದು. ಅದು ಬೈಕು ಕದ್ದ ಮಾಲಲ್ಲ ಎಂಬುದಕ್ಕೆ ಸಾಕ್ಷಿ, ರಸ್ತೆಗೆ ಅನುಮತಿ ಅಲ್ಲ. ಬೇರೆ ಬೈಕಿನ ಆರ್‌ಸಿ ಜೊತೆ ಕೊಡುತ್ತೇನೆ ಎಂದು ಹೇಳುವವರೂ ಇದ್ದಾರೆ. ಗುಜರಿಗೆ ಹೋದ ಯಾವುದೋ ಹಳೇ ಬೈಕಿನ ಆರ್‌ಸಿ, ಅದರ ನಂಬರನ್ನು ಇದರ ಚಾಸಿ ಮೇಲೆ ಕುಟ್ಟಿರುತ್ತಾರೆ. ಅದು ಫೈನು ಕಟ್ಟಿ ಮುಗಿಯುವ ಕೇಸಲ್ಲ, ಫೋರ್ಜರಿ. ಅಂಥ ಬೈಕು ನನ್ನ ಗ್ಯಾರೇಜಿನ ಅಂಗಳಕ್ಕೂ ಬರಬಾರದು.

ತೋಟದೊಳಗೆ ಓಡಿಸಬಹುದಾ?

ಇದನ್ನು ಕೇಳುವವರು ಬೇರೆ ಜನ. ಇಪ್ಪತ್ತು ಎಕರೆ ತೋಟ ಇರುವ ಭಟ್ಟರು, ಕೊಪ್ಪದ ಕಡೆ ಎಸ್ಟೇಟ್ ಇರುವ ಗೌಡರು. ಸ್ವಂತ ಜಾಗದ ಬೇಲಿಯೊಳಗೆ, ಹೊರಗಿನವರು ಓಡಾಡದ ಜಾಗದಲ್ಲಿ ಡರ್ಟ್ ಬೈಕು ಓಡಿಸುವುದಕ್ಕೆ ಯಾರೂ ಬಂದು ಹಿಡಿಯುವುದಿಲ್ಲ. ನಮ್ಮ ಮಲೆನಾಡಿನ ಸಮಸ್ಯೆ ಎಂದರೆ ತೋಟ ಒಂದೇ ತುಂಡಾಗಿ ಇರುವುದಿಲ್ಲ. ಮನೆ ಹತ್ತಿರದ ತೋಟ ಒಂದು, ಹಳ್ಳದಾಚೆ ಇನ್ನೊಂದು, ನಡುವೆ ಪಂಚಾಯ್ತಿ ರಸ್ತೆ. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕರಿಗೆ ಓಡಾಡಲು ಹಕ್ಕಿರುವ ಯಾವ ದಾರಿಯೂ ಸಾರ್ವಜನಿಕ ಸ್ಥಳವೇ. ಡಾಂಬರು ಇರಲಿ, ಜಂಬಿಟ್ಟಿಗೆ ಮಣ್ಣಿರಲಿ. ಅಡ್ಡ ದಾಟುವಾಗ ಹಾಲಿನ ಕ್ಯಾನು ತರುತ್ತಿದ್ದ ಸ್ಕೂಟಿಗೆ ಗುದ್ದಿದರೆ?

ಫೈನಿನ ಮಾತು ಬಿಡಿ. ನೋಂದಣಿ ಇಲ್ಲದೆ ಓಡಿಸಿದ್ದಕ್ಕೆ 192ನೇ ಸೆಕ್ಷನ್ನಿನಲ್ಲಿ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮತ್ತೊಮ್ಮೆ ಸಿಕ್ಕರೆ 10,000ದವರೆಗೆ ಅಥವಾ ಒಂದು ವರ್ಷದವರೆಗೆ ಜೈಲು. ಗಾಡಿಯನ್ನೂ ಸ್ಟೇಷನ್ನಿಗೆ ಒಯ್ಯಬಹುದು. ಇದಕ್ಕಿಂತ ದೊಡ್ಡದು ಪರಿಹಾರದ ಕೇಸು. ನಂಬರಿಲ್ಲದ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದಿಲ್ಲ. ಗುದ್ದಿಸಿಕೊಂಡವನ ಕಾಲು ಹೋದರೆ, ಜೀವ ಹೋದರೆ, ನ್ಯಾಯಮಂಡಳಿ ಹೇಳಿದ ಮೊತ್ತವನ್ನು ಮಾಲೀಕನೇ ಕಟ್ಟಬೇಕು. ಕಟ್ಟದಿದ್ದರೆ ಆಸ್ತಿಯ ಮೇಲೆ ವಸೂಲಿ. ಅಪ್ಪನ ಹೆಸರಿನಲ್ಲಿರುವ ಬೈಕು, ಅಪ್ಪನ ಹೆಸರಿನಲ್ಲೇ ಇರುವ ತೋಟ. ಭಟ್ಟರಿಗೆ ಇಷ್ಟು ಹೇಳಿದರೆ ಸಾಕು, ಬೈಕನ್ನು ಹೇರಿಕೊಂಡು ಹೋಗಲು ಪಿಕಪ್ ತರಿಸುತ್ತಾರೆ.

ಹದಿನೆಂಟು ತುಂಬದ ಮಗನಿಗೆ ಕೊಡುವವರಿಗೆ ಇನ್ನೂ ಒಂದು ಮಾತಿದೆ. 199ಎ ಸೆಕ್ಷನ್ನಿನಲ್ಲಿ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಕ್ಕಳ ಪುಟ್ಟ 49 ಸಿಸಿ ಆಟದ ಬೈಕನ್ನು ರಸ್ತೆಗೆ ಇಳಿಸಿದವರಿಗೂ ಇದು ನೆನಪಿರಲಿ.

ಹಾಗಾದರೆ ಯಾವ ಬೈಕಿನಿಂದ ಶುರು ಮಾಡಬೇಕು

ಆರ್‌ಸಿ ಇರುವ ಬೈಕು ಕೊಂಡು, ಆರ್‌ಸಿ ಕೆಡದ ಹಾಗೆ ಅದನ್ನು ಕೆಸರಿಗೆ ಹದ ಮಾಡುವುದು. ನಾನು ಹೇಳುವುದು ಇಷ್ಟೇ. ಮೊದಲು ಆಯ್ಕೆಯೇ ಇರಲಿಲ್ಲ. 2011ರಲ್ಲಿ ಹೀರೊದ 150 ಸಿಸಿ ಇಂಪಲ್ಸ್ ಬಂತು. ದೇಶಕ್ಕೆ ಅದು ಬೇಡವಾಯಿತು, ನಮ್ಮೂರಿಗೆ ಮಾತ್ರ ಬೇಕಾಯಿತು. 134 ಕೆಜಿ ತೂಕ, ಉದ್ದನೆಯ ಫೋರ್ಕು. ಕೋಣಂದೂರು ಕಡೆ ಈಗಲೂ ಹಾಲಿನ ಕ್ಯಾನು, ಔಷಧಿ ಹೊಡೆಯುವ ಪಂಪು ಹೇರಿಕೊಂಡು ಓಡಾಡುತ್ತಿವೆ. ಪವರ್ ಕಮ್ಮಿ ಎಂದು ಬೈಯುವವರೂ ಮಾರಲು ತಯಾರಿಲ್ಲ.

2019ರಲ್ಲಿ ಹೀರೊದ ಎಕ್ಸ್‌ಪಲ್ಸ್ 200 ಬಂದ ಮೇಲೆ ಲೆಕ್ಕ ಬದಲಾಯಿತು. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಊರಲ್ಲೇ ಸಿಗುವ ಸ್ಪೇರ್. ಸ್ವಲ್ಪ ಎತ್ತರದ ಹುಡುಗರಿಗೆ 2022ರಲ್ಲಿ ಬಂದ ಅದರದೇ 4ವಿ ರ‍್ಯಾಲಿ ಎಡಿಷನ್ ಹುಡುಕಿ ಎನ್ನುತ್ತೇನೆ. ಅದರ ಮುಂದಿನ ಸಸ್ಪೆನ್ಷನ್ 250 ಮಿಲಿಮೀಟರ್ ಆಡುತ್ತದೆ, ಸೀಟು 891 ಮಿಲಿಮೀಟರ್ ಎತ್ತರ. ಉದ್ದ ಫೋರ್ಕನ್ನು ನಾನು ಹಾಕಿಕೊಟ್ಟರೆ ಅದು ಕಾನೂನಿನ ಕಣ್ಣಲ್ಲಿ ಮಾರ್ಪಾಡು. ಕಂಪೆನಿಯೇ ಹಾಕಿ ಅಪ್ರೂವಲ್ ಮಾಡಿಸಿ ಮಾರಿದರೆ ಅದೇ ಒರಿಜಿನಲ್. ಈ ಒಂದು ವ್ಯತ್ಯಾಸ ಅರ್ಥವಾದರೆ ಮುಂದಿನದೆಲ್ಲ ಸಲೀಸು.

ದುಡ್ಡಿರುವವರಿಗೆ ಈಗ ರಸ್ತೆಯ ನಂಬರ್ ಸಿಗುವ ಕವಾಸಕಿ ಕೆಎಲ್‌ಎಕ್ಸ್ 230 ಇದೆ, 139 ಕೆಜಿ. 2025ರಲ್ಲಿ ಬಂದ ಕೆಟಿಎಂ 390 ಎಂಡ್ಯೂರೊ ಆರ್ ಕೂಡ ಇದೆ. ಕೆಎಲ್‌ಎಕ್ಸ್ 230 ಕೊಳ್ಳುವಾಗ ಜಾಗ್ರತೆ: ‘230ಆರ್ ಎಸ್’ ಎಂಬ ಹೆಸರಿನದು ಟ್ರ್ಯಾಕಿನದು, ನಂಬರ್ ಸಿಗುವುದಿಲ್ಲ. ಹೆಸರಿನಲ್ಲಿ ಎರಡಕ್ಷರದ ಫರಕು, ಜೀವನದಲ್ಲಿ ಬಹಳ ಫರಕು. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬಗ್ಗೆ ಕೇಳುತ್ತಾರೆ. ಒಳ್ಳೇ ಬೈಕು, ಘಾಟಿಗೂ ದೂರಕ್ಕೂ ಸರಿ. ಹುಲಿಕಲ್ ಕಡೆಯ ಕಾಡಿನ ಕೆಸರಿನಲ್ಲಿ ಅಡ್ಡ ಬಿದ್ದಾಗ ಎತ್ತಲು ಇಬ್ಬರು ಬೇಕು, ಅಷ್ಟನ್ನು ಮೊದಲೇ ತಿಳಿದಿರಿ.

ಹೊಸ ಬೈಕಿಗೆ ಲಕ್ಷ ರೂಪಾಯಿ ದಾಟಿದರೆ ಕರ್ನಾಟಕದಲ್ಲಿ ಆಜೀವ ತೆರಿಗೆಯೇ ಶೇ 18, ಅದರ ಮೇಲೆ ಸೆಸ್. ಎಕ್ಸ್ ಶೋರೂಂ ಬೆಲೆ ನೋಡಿ ಸಾಲ ಮಾಡಿದವರು ಆನ್‌ರೋಡ್ ಚೀಟಿ ನೋಡಿ ಬೆವರುವುದು ಇಲ್ಲೇ.

ಸೆಕೆಂಡ್ಸ್ ಕೊಳ್ಳುವವರು ಮೊದಲು ಬಗ್ಗಿ ನೋಡಬೇಕಾದ್ದು

ಟೈರು, ಇಂಜಿನ್ ಸದ್ದು, ಪೈಂಟು ಇವೆಲ್ಲ ಆಮೇಲೆ. ಮೊದಲು ಹ್ಯಾಂಡಲ್ ಎಡಕ್ಕೆ ತಿರುಗಿಸಿ ಸ್ಟೇರಿಂಗ್ ಕೊಳವೆಯ ಬಲಗಡೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೆಚ್ಚಿನ ಬೈಕುಗಳಲ್ಲಿ ಚಾಸಿ ನಂಬರ್ ಅಲ್ಲೇ ಇರುತ್ತದೆ. ಒಂದೊಂದೇ ಅಕ್ಷರ ಆರ್‌ಸಿಗೆ ಹೋಲಿಸಿ. ಅಕ್ಷರಗಳ ಆಳ ಒಂದೇ ಸಮ ಇರಬೇಕು. ನಡುವೆ ಗ್ರೈಂಡರ್ ತಾಗಿದ ಹೊಳಪು, ಹೊಸ ಪೈಂಟಿನ ದಪ್ಪ ಪದರ ಕಂಡರೆ ಕಾಫಿ ಕುಡಿದು ಎದ್ದು ಬನ್ನಿ. ಇಂಜಿನ್ ನಂಬರೂ ಹಾಗೇ. ನಮ್ಮ ಕಡೆ ಮಳೆಗಾಲದ ಕೆಸರು, ತುಕ್ಕು ಸೇರಿ ನಂಬರು ಮಸುಕಾಗಿರುವುದು ನಿಜ. ಆದರೆ ತುಕ್ಕು ತಿಂದದ್ದಕ್ಕೂ ಉಳಿ ತಿಂದದ್ದಕ್ಕೂ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಆಮೇಲೆ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಆರ್‌ಸಿ ಆ್ಯಕ್ಟಿವ್ ಇದೆಯಾ, ರಿಜಿಸ್ಟ್ರೇಷನ್ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಎಲ್ಲಿಯವರೆಗೆ, ಫೈನಾನ್ಸ್ ಬಾಕಿ ತೋರಿಸುತ್ತದಾ. ಟ್ರಾಫಿಕ್ ಫೈನು ಬಾಕಿ ಇದ್ದರೆ ಅದನ್ನು ಮಾರುವವನೇ ಕಟ್ಟಲಿ. ಬೆಂಗಳೂರಿನ ಬೈಕುಗಳಲ್ಲಿ ಇದರದ್ದೇ ಉದ್ದ ಪಟ್ಟಿ ಇರುತ್ತದೆ. ಫೈನಾನ್ಸ್ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಒಂದು ರೂಪಾಯಿ ಅಡ್ವಾನ್ಸೂ ಬೇಡ.

ವರ್ಗಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ‘ಬರೀ ಸಹಿ ಹಾಕಿಸ್ಕೊಂಡಿದೀನಿ, ಆಮೇಲೆ ಮಾಡ್ಸ್ತೀನಿ’ ಎನ್ನುವವರೇ ನಮ್ಮಲ್ಲಿ ಜಾಸ್ತಿ. ಆ ‘ಆಮೇಲೆ’ ಬರುವಷ್ಟರಲ್ಲಿ ಮಾರಿದವನ ಫೋನ್ ನಂಬರ್ ಬದಲಾಗಿರುತ್ತದೆ, ಒಟಿಪಿ ಅವನ ಹಳೇ ನಂಬರಿಗೇ ಹೋಗುತ್ತದೆ. ಕೇರಳ, ಗೋವಾದ ಬೈಕು ಅಗ್ಗಕ್ಕೆ ಸಿಕ್ಕಿತು ಎಂದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ತಗೊಳ್ಳಬೇಕು. ಅಗ್ಗ ಎಲ್ಲಿ ಉಳಿಯಿತು ಎಂದು ಕೂಡಿಸಿ ಕಳೆದು ನೋಡಿ.

ಆರ್‌ಎಕ್ಸ್ 100 ಪ್ರೇಮಿಗಳಿಗೆ ಎರಡು ಮಾತು. 1985ರಿಂದ 1996ರವರೆಗೆ ಬಂದ ಯಮಹಾ ಬೈಕು ಅದು. ನೋಂದಣಿಯ ಮೊದಲ 15 ವರ್ಷ ಎಂದೋ ಮುಗಿದಿದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು, ಗಾಡಿ ತೋರಿಸಿ ನವೀಕರಿಸಿಕೊಂಡು ಬಂದ ಆರ್‌ಸಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಅದನ್ನು ಬಿಚ್ಚಿ, ಹಿಂದಿನ ಫ್ರೇಮು ಕತ್ತರಿಸಿ, ಇಂಪಲ್ಸಿನ ಫೋರ್ಕು ಸಿಕ್ಕಿಸಿ ಓಡಿಸುವ ಚಟ ನಮ್ಮ ಜಿಲ್ಲೆಯಲ್ಲಿ ಹಳೆಯದು, ಚಂದವೂ ಹೌದು, ಟ್ರ್ಯಾಕಿನಲ್ಲಿ. ರಸ್ತೆಯಲ್ಲಿ ಅದು ಆರ್‌ಎಕ್ಸ್ ಅಲ್ಲ, ಯಾವ ಕಾಗದಕ್ಕೂ ಸೇರದ ಇನ್ನೊಂದು ವಸ್ತು.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಸೆಕ್ಷನ್

ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಹೇಳಿದ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿತು. 182ಎ ಸೆಕ್ಷನ್ನಿನಲ್ಲಿ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಪ್ರತಿಯೊಂದಕ್ಕೂ ಎನ್ನುವುದನ್ನು ಗಮನಿಸಿ. ಬಣ್ಣ ಬದಲಿಸಬಹುದು, ಆರ್‌ಸಿಯಲ್ಲಿ ಬರೆಸಬೇಕು. ಇಂಜಿನ್ ಸೀಳಿದರೆ ಅದೇ ಕಂಪೆನಿಯ ಅದೇ ಬಗೆಯ ಇಂಜಿನ್ನನ್ನು ಮೊದಲೇ ಅನುಮತಿ ಪಡೆದು ಕೂರಿಸಬಹುದು. ಸಿಸಿ ಹೆಚ್ಚಿಸುವ ಬೋರ್ ಕಿಟ್, ಫ್ರೇಮ್ ಕತ್ತರಿಸುವುದು, ಬೇರೆ ಬೈಕಿನ ಫೋರ್ಕು ನನ್ನಲ್ಲಿ ಕೇಳಬೇಡಿ.

ಇಷ್ಟೆಲ್ಲ ಬಿಟ್ಟರೆ ಉಳಿದದ್ದೇನು ಎಂದು ಮುಖ ಸಣ್ಣ ಮಾಡಬೇಡಿ. ನಮ್ಮ ದಾರಿಗಳಿಗೆ ನಿಜವಾಗಿ ಬೇಕಾದ್ದು ಬೋಲ್ಟಿನಲ್ಲಿ ಕೂರುವ, ಬೇಕಾದಾಗ ಬಿಚ್ಚುವ ಸಾಮಾನುಗಳು. ಇಂಜಿನ್ನಿನ ಹೊಟ್ಟೆಗೆ ದಪ್ಪ ಅಲ್ಯೂಮಿನಿಯಂ ತಟ್ಟೆ, ಲಿವರ್ ಮುರಿಯದಂತೆ ಹ್ಯಾಂಡ್ ಗಾರ್ಡ್, ಅಗಲ ಫುಟ್‌ಪೆಗ್, ರೇಡಿಯೇಟರ್ ಇದ್ದರೆ ಅದಕ್ಕೊಂದು ಜಾಲರಿ. ಜಂಬಿಟ್ಟಿಗೆ ಕಲ್ಲಿಗೆ ಗೇರ್ ಲಿವರ್ ಬಡಿದು ಕ್ರ್ಯಾಂಕ್‌ಕೇಸ್ ಒಡೆಯುವುದು ಇಲ್ಲಿ ಮಾಮೂಲಿ. ಅದಕ್ಕೆ ಹೊಟ್ಟೆಯ ತಟ್ಟೆಗೇ ಮೊದಲ ದುಡ್ಡು ಹಾಕಿ. ಸಸ್ಪೆನ್ಷನ್ನಿಗೆ ಬೇರೇನೂ ಬೇಡ, ಫೋರ್ಕ್ ಆಯಿಲ್ ಬದಲಿಸಿ, ಹಿಂದಿನ ಶಾಕ್‌ನ ಪ್ರಿಲೋಡ್ ನಿಮ್ಮ ತೂಕಕ್ಕೆ ಹೊಂದಿಸಿ. ಅರ್ಧ ಜನ ಬೈಕು ಕೊಂಡ ದಿನದಿಂದ ಅದನ್ನು ಮುಟ್ಟಿಯೇ ಇರುವುದಿಲ್ಲ.

ಟೈರಿನ ವಿಷಯ ಸ್ವಲ್ಪ ಉದ್ದ. ಮೋಟೊಕ್ರಾಸ್ ಟೈರುಗಳ ಪಕ್ಕದಲ್ಲಿ ‘ನಾಟ್ ಫಾರ್ ಹೈವೇ ಯೂಸ್’ ಎಂದು ಅಚ್ಚೊತ್ತಿರುತ್ತದೆ. ಅದನ್ನು ಓದದೆ ಹಾಕಿಸಿಕೊಂಡು ಆಗುಂಬೆ ಘಾಟಿ ಇಳಿಯುವವರನ್ನು ಕಂಡರೆ ನನಗೆ ಹೊಟ್ಟೆ ತೊಳೆಸುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕ ಮಳೆ, ಪಾಚಿ ಕಟ್ಟಿದ ಅಂಚು. ಎತ್ತರದ ಗುಳ್ಳೆಗಳ ಟೈರು ಒದ್ದೆ ಡಾಂಬರಿನ ಮೇಲೆ ಗುಳ್ಳೆಯ ತುದಿಯಲ್ಲಷ್ಟೇ ನಿಂತಿರುತ್ತದೆ, ಬ್ರೇಕ್ ಹಿಡಿದರೆ ಗುಳ್ಳೆ ಬಾಗುತ್ತದೆ, ಬೈಕು ಜಾರುತ್ತದೆ. ಐಎಸ್‌ಐ ಗುರುತಿರುವ, ಆರ್‌ಸಿಯ ಬೈಕಿಗೆ ಕಂಪೆನಿ ಹೇಳಿದ ಅಳತೆಯ, ಲೋಡ್ ನಂಬರು ಮತ್ತು ಸ್ಪೀಡ್ ಅಕ್ಷರ ಕಡಿಮೆಯಾಗದ ಅರೆ-ಗುಳ್ಳೆಯ ಟೈರು ಹಾಕಿಸಿ. ಕೆಸರಿಗೆ ಇಳಿಯುವಾಗ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬಂದ ಕೂಡಲೇ ಕಂಪೆನಿ ಹೇಳಿದಷ್ಟು ತುಂಬಿ. ಕೈಪಂಪು ಬ್ಯಾಗಿನಲ್ಲಿರಲಿ. ಬಿದರಗೋಡಿನಿಂದ ಆಚೆ ಸಂಜೆ ಏಳರ ಮೇಲೆ ಪಂಕ್ಚರ್ ಅಂಗಡಿ ಹುಡುಕುವುದು ಸುಲಭವಿಲ್ಲ.

ಕನ್ನಡಿ ಮತ್ತು ಇಂಡಿಕೇಟರ್ ಬಿದ್ದಾಗ ಮೊದಲು ಮುರಿಯುವವು. ಹಾಗಂತ ಬಿಚ್ಚಿಟ್ಟು ಶಿವಮೊಗ್ಗಕ್ಕೆ ಹೋದರೆ ಫೈನು. ಮಡಚುವ ಕನ್ನಡಿ ಹಾಕಿಸಿ. ಇಂಡಿಕೇಟರಿಗೆ ರಬ್ಬರ್ ಕಾಂಡದ್ದು ತಗೊಳ್ಳಿ, ಬಾಗುತ್ತದೆ, ಮುರಿಯುವುದಿಲ್ಲ. ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ಪಟಪಟನೆ ಬಡಿದುಕೊಳ್ಳುತ್ತದೆ ಎಂದು ಬರುತ್ತಾರೆ. ಹಳೇ ಫ್ಲ್ಯಾಷರಿಗೆ 10 ವ್ಯಾಟಿನ ಬಲ್ಬಿನ ಲೋಡ್ ಬೇಕು. ಎಲ್‌ಇಡಿ ಎಳೆಯುವುದು ಒಂದೆರಡು ವ್ಯಾಟ್. ಬಲ್ಬು ಸುಟ್ಟಿದೆ ಎಂದುಕೊಂಡು ಅದು ಜೋರಾಗಿ ಬಡಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ರಿಲೇ ಹಾಕಿದರೆ ಸರಿಯಾಯಿತು, ವೈರಿಂಗ್ ಕತ್ತರಿಸಬೇಕಿಲ್ಲ. ಎಲ್ಲ ಕಪ್ಲರ್‌ಗಳಿಗೂ ಮಳೆಗಾಲಕ್ಕೆ ಮೊದಲು ಸಿಲಿಕೋನ್ ಗ್ರೀಸ್ ಹಚ್ಚಿ. ಹಿಂದಿನ ಬ್ರೇಕ್ ಲೈಟಿನ ಸ್ವಿಚ್ಚಿನ ಸ್ಪ್ರಿಂಗಿಗೆ ಕೆಸರು ಮೆತ್ತಿ ಲೈಟು ಉರಿದೇ ಇರುವುದು ಅಥವಾ ಉರಿಯದೇ ಇರುವುದು ನಮ್ಮ ಕಡೆಯ ಖಾಯಂ ಕಾಯಿಲೆ. ಪ್ರತಿ ಸಲ ಬೈಕು ತೊಳೆದ ಮೇಲೆ ಒಮ್ಮೆ ಒತ್ತಿ ನೋಡಿ.

ಎಕ್ಸ್‌ಟ್ರಾ ಲೈಟು ಹಾಕುವವರಿಗೆ: ಮಂಜಿನಲ್ಲಿ ಬೇಕಾಗುತ್ತದೆ, ಒಪ್ಪಿದೆ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕೇಸು ಹಾಕತೊಡಗಿದ್ದಾರೆ. ಮಂಜಿಗೆ ಹಳದಿ ಬೆಳಕು, ಕೆಳಗೆ ಬಾಗಿಸಿ, ಬೇರೆ ಸ್ವಿಚ್ಚಿನಲ್ಲಿ, ಎದುರಿಗೆ ಗಾಡಿ ಬಂದಾಗ ಆರಿಸುವ ಹಾಗೆ.

ಸೈಲೆನ್ಸರ್. ಇದೊಂದಕ್ಕೆ ನನ್ನ ಗ್ಯಾರೇಜಿನಲ್ಲಿ ಜಗಳವೇ ಆಗಿದೆ. 80ರಿಂದ 175 ಸಿಸಿವರೆಗಿನ ಬೈಕಿಗೆ ಸದ್ದಿನ ಮಿತಿ 77 ಡೆಸಿಬೆಲ್, ಅದರ ಮೇಲಿನವಕ್ಕೆ 80. ಅಂಗಡಿಯಲ್ಲಿ ಸಿಗುವ ಫ್ರೀ ಫ್ಲೋ ಕೊಳವೆಗಳು ಇದನ್ನು ಎಂದೋ ದಾಟಿರುತ್ತವೆ, ಒಳಗೆ ಕ್ಯಾಟಲಿಟಿಕ್ ಕನ್ವರ್ಟರೂ ಇರುವುದಿಲ್ಲ. 190(2)ರಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೋಡಿರುತ್ತೀರಿ. ಕಾನೂನು ಬಿಡಿ, ಆನೆ ಓಡಾಡುವ ದಾರಿಯಲ್ಲಿ ಢಬಢಬ ಮಾಡಿಕೊಂಡು ಹೋಗುವವನ ಬುದ್ಧಿಗೆ ಏನೆನ್ನಬೇಕು.

ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ನಂಬರ್ ಪ್ಲೇಟನ್ನು ಸೀಟಿನ ಕೆಳಗೆ ತುರುಕುವುದು ಈಗಿನ ಫ್ಯಾಷನ್. ಹೈ ಸೆಕ್ಯೂರಿಟಿ ಪ್ಲೇಟು ಹಿಂದೆ 200×100 ಮಿಲಿಮೀಟರ್, ಮುಂದೆ 285×45 ಮಿಲಿಮೀಟರ್. ಮುರಿಯದೆ ಬಿಚ್ಚಲಾಗದ ಲಾಕಿನಲ್ಲಿ ಕೂತಿರಬೇಕು, ರಾತ್ರಿ ಅದರ ಮೇಲೆ ಬೆಳಕು ಬೀಳಬೇಕು. 2019ರ ಏಪ್ರಿಲಿಗೆ ಮೊದಲಿನ ಬೈಕುಗಳಿಗೂ ಅದು ಬೇಕು. ಕೆಸರಿನ ಹೊಡೆತಕ್ಕೆ ಪ್ಲೇಟು ಬಾಗದಿರಲು ಹಿಂದಿನಿಂದ ಒಂದು ತೆಳು ತಗಡಿನ ಆಧಾರ ಕೊಡಿ. ಬಿದ್ದು ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಹೊಸದಕ್ಕೆ ಅರ್ಜಿ ಹಾಕಿ, ಪೇಟೆಯಲ್ಲಿ ಸ್ಟಿಕರ್ ಹಾಕಿಸಬೇಡಿ. ಸೀರೆ ಗಾರ್ಡನ್ನೂ ಬಿಚ್ಚಿ ಎನ್ನುತ್ತಾರೆ. ಹಿಂದೆ ಕೂರುವವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 123ನೇ ನಿಯಮ ಹೇಳುತ್ತದೆ. ನಾನು ಬಿಚ್ಚಿಕೊಡುವುದಿಲ್ಲ. ನಿಮ್ಮ ಅಕ್ಕನನ್ನು ಸೀರೆಯಲ್ಲಿ ಕೂರಿಸಿಕೊಂಡು ಮಂಗಳವಾರದ ಸಂತೆಗೆ ಹೋಗುವ ಬೈಕೂ ಇದೇ ತಾನೆ.

ಉಳಿದ ಕಾಗದ, ಆಮೇಲೆ ಕಾಡು

ಇನ್ಶೂರೆನ್ಸ್: 150ರಿಂದ 350 ಸಿಸಿ ಬೈಕಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಮೂಲ ಪ್ರೀಮಿಯಂ 1,366 ರೂಪಾಯಿ, ತೆರಿಗೆ ಬೇರೆ. ಹೊಸ ಬೈಕಾದರೆ ಐದು ವರ್ಷದ್ದು ಒಟ್ಟಿಗೆ. ಕ್ರ್ಯಾಶ್ ಗಾರ್ಡು, ತಟ್ಟೆ ಹಾಕಿದ್ದನ್ನು ಕಂಪೆನಿಗೆ ಒಂದು ಮೇಲ್ ಮಾಡಿ ತಿಳಿಸಿಡಿ. ರೇಸು, ಸ್ಪರ್ಧೆಯಲ್ಲಿ ಆದ ಹಾನಿಗೆ ಪಾಲಿಸಿ ದುಡ್ಡು ಕೊಡುವುದಿಲ್ಲ, ಅದು ಪಾಲಿಸಿಯಲ್ಲೇ ಬರೆದಿರುತ್ತದೆ. ಹೊಗೆ ಸರ್ಟಿಫಿಕೇಟ್ ಹೊಸ ಬೈಕಿಗೆ ಮೊದಲ ವರ್ಷ ಬೇಡ, ಆಮೇಲೆ ಬಿಎಸ್-4, ಬಿಎಸ್-6 ಬೈಕಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಏರ್ ಫಿಲ್ಟರ್ ತೊಳೆದು ಒಣಗಿಸಿ, ಇಂಜಿನ್ ಬಿಸಿ ಮಾಡಿಕೊಂಡು ಹೋಗಿ. ಕೆಸರು ಕುಡಿದ ಫಿಲ್ಟರಿಟ್ಟುಕೊಂಡು ಹೋಗಿ ಫೇಲಾದವರು ಮೆಷೀನನ್ನು ಬೈಯುತ್ತಾರೆ.

ಎಲ್ಲ ಸರಿ ಮಾಡಿಸಿಕೊಂಡ ಮೇಲೂ ನಂಬರ್ ಪ್ಲೇಟು ರಸ್ತೆಗೆ ಮಾತ್ರ ಪರವಾನಗಿ, ಕಾಡಿಗಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ ಅಭಯಾರಣ್ಯಗಳು, ಭದ್ರಾ, ಕುದುರೆಮುಖ, ನಮ್ಮ ಸುತ್ತ ಎಲ್ಲೆಲ್ಲೂ ಇವೇ. ಅನುಮತಿ ಇಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯ ಕೇಸು, ಬೈಕು ಅರಣ್ಯ ಇಲಾಖೆಯ ಅಂಗಳದಲ್ಲಿ ಮಳೆಗೆ ನೆನೆಯುತ್ತದೆ. ಕೊಡಚಾದ್ರಿಯ ಜೀಪ್ ದಾರಿಗೆ ಹೋಗುವ ಮೊದಲು ಫಾರೆಸ್ಟ್ ಗೇಟಿನಲ್ಲಿ ಬೈಕು ಬಿಡುತ್ತಾರಾ ಎಂದು ಕೇಳಿಯೇ ಹೊರಡಿ. ಸೊಪ್ಪಿನ ಬೆಟ್ಟ ನಮ್ಮದೇ ಅಲ್ಲವಾ ಎನ್ನುವವರಿಗೆ: ಸೊಪ್ಪು, ದರಗು ತರುವ ಹಕ್ಕು ನಿಮ್ಮದು, ಜಾಗ ಸರ್ಕಾರದ್ದು. ಅಲ್ಲಿ ಚಕ್ರ ತಿರುವಿ ತಿರುವಿ ಗುಂಡಿ ಮಾಡಿದರೆ ಮುಂದಿನ ಮಳೆಗೆ ಮಣ್ಣೆಲ್ಲ ಕೆಳಗಿನವರ ತೋಟದ ಕಪ್ಪಿಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಇಳಿಯುತ್ತದೆ, ಆಮೇಲೆ ಪೊಲೀಸರಿಗಿಂತ ಮೊದಲು ಅವರು ಬರುತ್ತಾರೆ.

ಇಷ್ಟಾದರೂ ಟ್ರ್ಯಾಕಿನ ಬೈಕೇ ಬೇಕು ಎನ್ನುವವರು ಕೊಳ್ಳಿ, ನಾನು ಬೇಡ ಎನ್ನುವುದಿಲ್ಲ, ಸರ್ವಿಸ್ ಮಾಡಿಕೊಡುತ್ತೇನೆ. ಮನೆಯಿಂದ ಟ್ರ್ಯಾಕಿನವರೆಗೆ ಪಿಕಪ್ಪಿನಲ್ಲಿ ಕಟ್ಟಿಕೊಂಡು ಹೋಗಿ. ಮುಂದಿನ ಫೋರ್ಕನ್ನು ಎರಡು ಕಡೆಯಿಂದ ರ‍್ಯಾಚೆಟ್ ಪಟ್ಟಿಯಲ್ಲಿ ಅರ್ಧ ಒತ್ತುವಷ್ಟು ಬಿಗಿಯಿರಿ, ಪೆಟ್ರೋಲ್ ಕಾಕ್ ಮುಚ್ಚಿ, ಕೊಂಡ ಬಿಲ್ಲಿನ ಪ್ರತಿ ಡ್ರೈವರಿನ ಕೈಲಿರಲಿ. ‘ಬರೀ ಒಂದು ಕಿಲೋಮೀಟರ್ ಅಲ್ದ, ಓಡಿಸ್ಕೊಂಡೇ ಹೋಗ್ತೀನಿ’ ಎಂಬ ಮಾತು ಬೇಡ.

ರಸ್ತೆಯ ಬೈಕಿನವರು ಕಾಗದಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ಪೊಲೀಸರು ಒಪ್ಪಬೇಕು, 2018ರಿಂದ ನಿಯಮವೇ ಹಾಗಿದೆ. ಫೋಟೊ ಹೊಡೆದಿಟ್ಟ ಸ್ಕ್ರೀನ್‌ಶಾಟ್ ಸಾಲದು. ಆದರೆ ಆಗುಂಬೆ, ನಗರ, ಮಾಸ್ತಿಕಟ್ಟೆ ಕಡೆ ಸಿಗ್ನಲ್ ಸಿಗದ ತಿರುವಿನಲ್ಲೇ ಚೆಕಿಂಗ್ ಇದ್ದರೆ ಆ್ಯಪು ಸುತ್ತುತ್ತಲೇ ಇರುತ್ತದೆ. ಆರ್‌ಸಿ ಕಾರ್ಡು, ಲೈಸೆನ್ಸು, ಇನ್ಶೂರೆನ್ಸಿನ ಪ್ರಿಂಟು ಮೂರನ್ನೂ ಜಿಪ್ ಕವರಿನಲ್ಲಿ ಹಾಕಿ ಜರ್ಕಿನ್ನಿನ ಒಳಜೇಬಿನಲ್ಲಿಡಿ. ಸೀಟಿನ ಕೆಳಗೆ ಇಡಬೇಡಿ, ಅಲ್ಲಿಗೆ ನೀರು ಹೋಗುತ್ತದೆ.